ಮಾತ್ರೆಗಳ ಹೊರೆ ಇಳಿಸುವುದು ಹೇಗೆ?

ಭದ್ರಾವತಿಯಲ್ಲಿ ವಿಐಎಸ್‌ಎಲ್ ಹಾಗೂ ಎಂಪಿಎಂ ಕಾರ್ಖಾನೆಗಳಿಂದ ನಿವೃತ್ತರಾದ ಹಿರಿಯರು ಅನೇಕರಿದ್ದಾರೆ. ಸಕ್ಕರೆ ಕಾಯಿಲೆಗೆ ಊರಿನ ವೈದ್ಯರು, ಹೃದಯಕ್ಕೆ ಶಿವಮೊಗ್ಗದ ತಜ್ಞರು, ಮಂಡಿನೋವಿಗೆ ಇನ್ನೊಬ್ಬರು. ಎಲ್ಲರ ಚೀಟಿಯ ಮಾತ್ರೆಗಳೂ ಕೊನೆಗೆ ಒಂದೇ ಡಬ್ಬಿ ಸೇರುತ್ತವೆ. ಪ್ರತಿಯೊಬ್ಬರೂ ತಮ್ಮ ಭಾಗದ ಚಿಕಿತ್ಸೆಯನ್ನು ಸರಿಯಾಗಿಯೇ ಕೊಟ್ಟಿರಬಹುದು. ಆದರೆ ಇಡೀ ಡಬ್ಬಿಯನ್ನು ನೋಡಿದ ವೈದ್ಯರು ಯಾರೂ ಇರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿ ತಡೆಯುವ ಅಭಿಯಾನ ಆರಂಭಿಸಿದಾಗ, ಒಬ್ಬರೇ ಹಲವು ಔಷಧಿ ಸೇವಿಸುವುದನ್ನು ಮೂರು ಮುಖ್ಯ ವಿಷಯಗಳಲ್ಲಿ ಒಂದಾಗಿ ಗುರುತಿಸಿತು.

ಹೊರೆ ಬೆಳೆಯುವ ಬಗೆ ಹೀಗೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲು ಊದಿಕೊಳ್ಳುತ್ತದೆ. ಅದನ್ನು ಹೊಸ ಕಾಯಿಲೆ ಎಂದು ತಿಳಿದರೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರುತ್ತದೆ. ನೋವಿನ ಗುಳಿಗೆಯ ಜೊತೆ ಕೊಟ್ಟ ಗ್ಯಾಸ್ ಮಾತ್ರೆ, ನೋವು ಹೋದ ಮೇಲೂ ವರ್ಷಗಟ್ಟಲೆ ಮುಂದುವರಿಯುತ್ತದೆ. ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿ ಹೊಟ್ಟೆ ಸೇರುವುದೂ ಉಂಟು. ವಯಸ್ಸಾಗಿ ಊಟ ಕಡಿಮೆಯಾಗಿ, ಮೂತ್ರಪಿಂಡ ದುರ್ಬಲವಾದಾಗ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯಿಂದ ಸಕ್ಕರೆ ಅಂಶ ಅಪಾಯಕಾರಿಯಾಗಿ ಇಳಿಯಬಹುದು. ನಿದ್ರೆ ಮಾತ್ರೆ ಸೇವಿಸುವ ಹಿರಿಯರು ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಹೆಚ್ಚು.

ಹಾಗೆಂದು ಯಾವುದೇ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಬಿಡಬಾರದು. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳನ್ನು ಹಠಾತ್ತನೆ ನಿಲ್ಲಿಸಿದರೆ ಎದೆನೋವು, ಹೃದಯಾಘಾತದ ಭಯವಿದೆ. ಮೂರ್ಛೆರೋಗದ ಮಾತ್ರೆ, ಬಹುಕಾಲ ಸೇವಿಸಿದ ಸ್ಟೆರಾಯ್ಡ್ ಮತ್ತು ನಿದ್ರೆ ಮಾತ್ರೆಗಳನ್ನು ಬಿಡಬೇಕಾದರೂ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಸರಿಯಾದ ದಾರಿ ಸರಳ. ಮನೆಯಲ್ಲಿರುವ ಎಲ್ಲ ಔಷಧಿಗಳನ್ನು, ನಾಟಿ ಹಾಗೂ ಆಯುರ್ವೇದ ಔಷಧಿಯನ್ನೂ ಸೇರಿಸಿ, ಹಳೆಯ ಚೀಟಿಗಳೊಂದಿಗೆ ಒಂದು ಚೀಲದಲ್ಲಿ ಹಾಕಿ ಒಬ್ಬರೇ ವೈದ್ಯರ ಮುಂದಿಡಿ. ಅವರು ನಿಮ್ಮ ಕುಟುಂಬ ವೈದ್ಯರಿರಬಹುದು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೆಡಿಸಿನ್ ವಿಭಾಗದವರಿರಬಹುದು. ಪ್ರತಿಯೊಂದಕ್ಕೂ ಕೇಳಿ: ಇದು ಯಾವುದಕ್ಕೆ? ಇನ್ನೂ ಬೇಕೇ? ಪ್ರಮಾಣ ಇಳಿಸಬಹುದೇ? ಒಂದು ಸಲಕ್ಕೆ ಒಂದೇ ಔಷಧಿ ಬದಲಾದರೆ ಪರಿಣಾಮ ತಿಳಿಯುವುದು ಸುಲಭ. ಆ ದಿನಗಳಲ್ಲಿ ಬಿಪಿ, ಸಕ್ಕರೆ, ನಿದ್ರೆ, ತಲೆಸುತ್ತು ಇವುಗಳನ್ನು ಬರೆದಿಡಿ. ತೊಂದರೆಯಾದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಧರ್ಮಕೇಂದ್ರಗಳಿಂದ ರೋಗಿಗಳ ಭೇಟಿಗೆ ಹೋಗುವವರು ಇಲ್ಲಿ ದೊಡ್ಡ ಸಹಾಯ ಮಾಡಬಹುದು. ಮಾತ್ರೆ ಬಿಡಿ ಎಂದು ಸಲಹೆ ಕೊಡುವುದು ನಮ್ಮ ಕೆಲಸವಲ್ಲ. ಒಂಟಿಯಾಗಿರುವ ಹಿರಿಯರ ಔಷಧಿಗಳ ಪಟ್ಟಿ ಬರೆದುಕೊಟ್ಟು, ಚೀಲ ಹಿಡಿದು ಅವರೊಂದಿಗೆ ವೈದ್ಯರ ಬಳಿಗೆ ಹೋದರೆ ಅದೇ ನಿಜವಾದ ಸೇವೆ.