ನಾಲ್ಕೂವರೆಯ ಅಲಾರಂ, ಮಾತಾಡುವ ಎತ್ತು

ಎತ್ತು ನನ್ನನ್ನು ಏಕವಚನದಲ್ಲೇ ಮಾತಾಡಿಸಿತು. "ಎಲ್ಲೋ ನಿನ್ನ ರಿಪೋರ್ಟು?" ಅಂದಿತು. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು. ಅಪ್ಪಟ ಅಮೃತ್ ಮಹಲ್ ತಳಿ. ಕೂತಿದ್ದು ಮಾತ್ರ ನಮ್ಮೂರು ಅಜ್ಜಂಪುರದ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನೊಳಗೆ. ರಕ್ತಪರೀಕ್ಷೆಯ ಚೀಟಿಗಾಗಿ ಜೇಬು ತಡಕಿದೆ. ಕೈಗೆ ಬಂದದ್ದೆಲ್ಲ ಈರುಳ್ಳಿ ಸಿಪ್ಪೆ. ಹಿಂದೆ ಸಾಲಿನಲ್ಲಿದ್ದವರು ಬೈಯತೊಡಗಿದರು. ಅಷ್ಟರಲ್ಲಿ ಅಲಾರಂ ಹೊಡೆಯಿತು.

ಅದು ನಾನು ವಾಕಿಂಗ್ ಶುರು ಮಾಡಿದ ಹತ್ತನೇ ದಿನ. ಡಾಕ್ಟರು ಚೀಟಿ ನೋಡಿ, "ಶುಗರ್ ಗಡಿ ಹತ್ತಿರ ಬಂದಿದೆ, ದಾಟೋಕೆ ಬಿಡಬೇಡಿ" ಅಂದಿದ್ದರು. ಗಡಿ ಕಾಯಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರಾತ್ರಿ ಅನ್ನ ಬಿಟ್ಟೆ. ಒಂಬತ್ತೂವರೆಯ ಊಟ ಏಳಕ್ಕೆ ಬಂತು. ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಕಾಳು. ಸಂಜೆಯ ಮಂಡಕ್ಕಿ, ಮೆಣಸಿನಕಾಯಿಗೆ ದೂರದಿಂದಲೇ ಕೈ ಮುಗಿದೆ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕೆಂದು ಯಾರೋ ಹೇಳಿದ್ದರು, ಅದೂ ಆಯಿತು. ನಾಲ್ಕೂವರೆಗೆ ಎದ್ದು ಐದು ಕಿಲೋಮೀಟರ್ ನಡಿಗೆ. ತೂಕ ಇಳಿಯುವ ಮೊದಲೇ ಕನಸು ಏರಿಬಿಟ್ಟಿತು.

ಹುಚ್ಚು ನನ್ನೊಬ್ಬನದೇ ಇರಬೇಕು ಅಂದುಕೊಂಡು ಸುಮ್ಮನಿದ್ದೆ. ಒಂದು ದಿನ ವಾಕಿಂಗ್ ಮುಗಿಸಿ ಕಟ್ಟೆಯ ಮೇಲೆ ಕೂತಾಗ ಬಾಯಿಬಿಟ್ಟೆ ನೋಡಿ, ಒಬ್ಬೊಬ್ಬರೂ ತಮ್ಮ ಗಂಟು ಬಿಚ್ಚಿದರು. ನಿವೃತ್ತ ಮೇಷ್ಟ್ರು ತಾವೇ ಪಾಠ ಮಾಡಿದ ಶಾಲೆಯಲ್ಲಿ ಲೆಕ್ಕದ ಪರೀಕ್ಷೆಗೆ ಕೂತು, ಪೆನ್ನಿಲ್ಲದೆ ಒದ್ದಾಡುತ್ತಿದ್ದಾರೆ. ಈರುಳ್ಳಿ ವ್ಯಾಪಾರದ ಅಣ್ಣನಿಗೆ ನಮ್ಮೂರ ಹತ್ತಿರದ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಸುರಂಗದೊಳಗೆ ನೀರು ಅಟ್ಟಿಸಿಕೊಂಡು ಬರುತ್ತದೆ. ಅಕ್ಕಿ ಬಿಟ್ಟು ನವಣೆಗೆ ಬಂದ ಅಕ್ಕನಿಗೆ ದಿನಾ ಮದುವೆ ಊಟ. ಪಂಕ್ತಿಗೆಲ್ಲ ಬಡಿಸಿ ಮುಗಿಸುತ್ತಾರೆ, ಅವರಿಗೆ ಮಾತ್ರ ಯಾರೂ ಎಲೆ ಹಾಕುವುದಿಲ್ಲ.

"ಹೊಟ್ಟೆ ಖಾಲಿ ಇದ್ರೆ ಹಿಂಗೇ" ಅಂದರು ಅಕ್ಕ. "ಹೊಟ್ಟೆ ಬಿರಿಯ ತಿಂದ್ರೂ ಬೀಳ್ತವಲ್ಲಮ್ಮ" ಅಂದರು ಮೇಷ್ಟ್ರು. ಕಟ್ಟೆ ಎರಡು ಪಕ್ಷವಾಯಿತು.

ಈ ಜಗಳ ಕಟ್ಟೆಗಿಂತ ಹಳೆಯದು. ಚರಕ ಸಂಹಿತೆ ಕನಸನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ಕೊನೆಗೆ ದೋಷದಿಂದ ಹುಟ್ಟುವುದು. ದೋಷವೆಂದರೆ ವಾತ, ಪಿತ್ತ, ಕಫ. ಅಂದರೆ ಊಟ ತಿಂಡಿ, ನಡೆ ನುಡಿ ಕೆಟ್ಟಾಗ ಕೆಡುವಂಥವು. ಮೊದಲ ಐದು ಬಗೆಯ ಕನಸಿಗೆ ಫಲವಿಲ್ಲ ಎಂದೂ ಅದೇ ಗ್ರಂಥ ಹೇಳಿಬಿಟ್ಟಿದೆ. ನಮ್ಮ ಶಕುನದವರು ಆ ಪುಟವನ್ನು ಮಡಿಚಿಟ್ಟಿರಬೇಕು. ರಾತ್ರಿ ಮೊಸರು ತಿನ್ನಬಾರದು ಎಂಬ ಅಜ್ಜಿಯರ ಮಾತಿಗೂ ಚರಕನೇ ಆಧಾರ.

ನಾವು ಮೊಸರನ್ನು ದೂರಿದಂತೆ ಇಂಗ್ಲೆಂಡಿನವರು ಚೀಸನ್ನು ದೂರುತ್ತಾರೆ. 1904ರಲ್ಲಿ ಅಮೆರಿಕದ ವಿನ್ಸರ್ ಮೆಕೇ ಎಂಬ ಚಿತ್ರಕಾರ ಪತ್ರಿಕೆಯೊಂದರಲ್ಲಿ ವ್ಯಂಗ್ಯಚಿತ್ರಮಾಲೆ ಶುರು ಮಾಡಿದ. ಪ್ರತಿ ಕಂತಿನಲ್ಲೂ ಒಬ್ಬ ಭಯಂಕರ ಕನಸು ಕಂಡು ಎಚ್ಚರವಾಗಿ, ರಾತ್ರಿ ತಿಂದ ಚೀಸ್ ತಿಂಡಿಗೆ ಶಾಪ ಹಾಕುತ್ತಾನೆ. ನೂರು ವರ್ಷದ ಮೇಲೆ, 2005ರಲ್ಲಿ, ಬ್ರಿಟನ್ನಿನ ಚೀಸ್ ತಯಾರಕರ ಮಂಡಳಿಯೇ 200 ಜನರಿಗೆ ಮಲಗುವ ಅರ್ಧ ಗಂಟೆ ಮೊದಲು 20 ಗ್ರಾಂ ಚೀಸ್ ಕೊಟ್ಟು ಕನಸು ಬರೆಸಿತು. ಭಯದ ಕನಸು ಬೀಳಲಿಲ್ಲ, ಆದರೆ ಸ್ಟಿಲ್ಟನ್ ಎಂಬ ಜಾತಿಯ ಚೀಸ್ ತಿಂದವರಿಗೆ ವಿಚಿತ್ರ ಕನಸು ಹೆಚ್ಚು ಎಂದು ಸಾರಿತು. ಬೆಲ್ಲದ ಮಂಡಿಯವನೇ ಬೆಲ್ಲದ ಗುಣ ಪರೀಕ್ಷೆ ಮಾಡಿದಂತೆ ಇದು. ಚೀಸ್ ತಿನ್ನದವರ ಜೊತೆ ಹೋಲಿಕೆಯೇ ಇಲ್ಲದ ಪರೀಕ್ಷೆಯನ್ನು ನಾನು ನಂಬುವುದಿಲ್ಲ.

ನಂಬಬಹುದಾದ ಕೆಲಸ ಕೆನಡಾದಲ್ಲಿ ನಡೆದಿದೆ. ಮಾಂಟ್ರಿಯಲ್‌ನ ಟೋರ್ ನೀಲ್ಸನ್ ಮತ್ತು ಸಂಗಡಿಗರು 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 1,082 ವಿದ್ಯಾರ್ಥಿಗಳಿದ್ದರು. ಊಟದಿಂದ ನಿದ್ದೆ ಕೆಡುತ್ತದೆ ಅಥವಾ ಸುಧಾರಿಸುತ್ತದೆ ಅಂದವರು ಶೇ. 40ರಷ್ಟು. ಊಟದಿಂದ ಕನಸೇ ಬದಲಾಗುತ್ತದೆ ಅಂದವರು ಬರೀ ಶೇ. 5.5. ಅವರು ದೂರಿದ್ದು ಮುಖ್ಯವಾಗಿ ಸಿಹಿತಿಂಡಿ ಮತ್ತು ಹಾಲಿನ ಪದಾರ್ಥಗಳನ್ನು. ಹಾಲಿನ ಸಕ್ಕರೆ ಅರಗದವರಲ್ಲಿ ಕೆಟ್ಟ ಕನಸಿನ ಕಾಟ ಹೆಚ್ಚಿತ್ತು ಎಂಬುದು ಕುತೂಹಲದ ಅಂಶ. ಹೊಟ್ಟೆಯಲ್ಲಿ ಗಾಳಿ ತುಂಬಿ ನುಲಿಯುತ್ತಿದ್ದರೆ ನಿದ್ದೆ ಹರಿಯುತ್ತದೆ, ಹರಿದ ನಿದ್ದೆಯಲ್ಲಿ ಕನಸು ಕೆಡುತ್ತದೆ ಎಂಬುದು ಅವರ ಊಹೆ. ದೊಡ್ಡವರಾದ ಮೇಲೆ ಹಾಲು ಸರಿಯಾಗಿ ಅರಗದವರು ನಮ್ಮ ಕಡೆ ಬಹಳ. ಮೊಸರು ಅಷ್ಟು ಕಾಡದು, ಹೆಪ್ಪು ಆ ಸಕ್ಕರೆಯಲ್ಲಿ ಒಂದಿಷ್ಟನ್ನು ಮೊದಲೇ ತಿಂದಿರುತ್ತದೆ. ಆದರೆ ಮೈ ಬೆಳೆಸಲು ಹೊರಟ ಹುಡುಗರು ರಾತ್ರಿ ಹತ್ತಕ್ಕೆ ಜಿಮ್‌ನಿಂದ ಬಂದು, ದೊಡ್ಡ ಲೋಟದ ಹಾಲಿಗೆ ಪ್ರೋಟೀನ್ ಪುಡಿ ಕಲಸಿ ಕುಡಿದು ಮಲಗಿದರೆ, ನೀಲ್ಸನ್‌ರ ಊಹೆಗೆ ಇಲ್ಲೇ ಪರೀಕ್ಷೆಯಾದೀತು.

ಹಾಲಿನ ಮಾತಿಗೆ ಇದೊಂದು ಹೇಳಿಬಿಡುತ್ತೇನೆ. ನನ್ನ ಕನಸಿನ ಎತ್ತಿನ ವಂಶಕ್ಕೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದ್ದ ಇಲಾಖೆಯ ಹೆಸರು ಬೆಣ್ಣೆ ಚಾವಡಿ. ಅದನ್ನು ಅಮೃತ್ ಮಹಲ್ ಎಂದು ಬದಲಿಸಿದವನು ಟಿಪ್ಪು. ಹೆಸರು ಬೆಣ್ಣೆಯದಾದರೂ ತಳಿಯ ಕೀರ್ತಿ ಹಾಲಿನದಲ್ಲ, ಫಿರಂಗಿ ಎಳೆದ ಕಾಲಿನದು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಕಾವಲಿನಲ್ಲಿ ಇವತ್ತೂ ಅವು ಮೇಯುತ್ತವೆ. ನನಗೆ ವಾಕಿಂಗ್ ದಾರಿಯಲ್ಲಿ ಕಂಡದ್ದೇ ಟಿಕೆಟ್ ಕೌಂಟರಿನಲ್ಲಿ ಕಂಡಿತು. ಚರಕನ ಲೆಕ್ಕದಲ್ಲಿ ಮೊದಲನೆಯ ಬಗೆ, ಕಂಡದ್ದು. ಫಲವಿಲ್ಲ.

ಸರಿ, ಕಂಡದ್ದು ಕನಸಿಗೆ ಬಂತು. ಆದರೆ ಎತ್ತುಗಳನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಈಗಲೇ ಯಾಕೆ? ಉತ್ತರ ನಿದ್ದೆಯ ಒಳಗೇ ಇದೆ.

ಷಿಕಾಗೋದಲ್ಲಿ 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್ಮನ್ ಎಂಬಿಬ್ಬರು, ಮಲಗಿದವರ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಆಗಾಗ ಸರಸರ ಓಡುವುದನ್ನು ದಾಖಲಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೆ ಬಹುಪಾಲು ಜನ ಕನಸು ಹೇಳಿದರು. ಕಣ್ಣು ಓಡುವ ಈ ಕನಸಿನ ನಿದ್ದೆ ರಾತ್ರಿಯಲ್ಲಿ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಬರುತ್ತದೆ. ಮೊದಲ ಸುತ್ತು ಐದು ಹತ್ತು ನಿಮಿಷ, ಅಷ್ಟೆ. ಆಗ ಗಾಢ ನಿದ್ದೆಯದೇ ಯಜಮಾನಿಕೆ. ರಾತ್ರಿ ಸವೆದಂತೆ ಗಾಢ ನಿದ್ದೆ ಕರಗಿ ಕನಸಿನ ಸುತ್ತು ಹಿಗ್ಗುತ್ತದೆ. ಬೆಳಗಿನ ಜಾವಕ್ಕೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಅಂದರೆ ನಾಟಕದ ದೊಡ್ಡ ದೃಶ್ಯಗಳೆಲ್ಲ ಕೊನೆಯ ಜಾವಕ್ಕೇ. ನಡುವೆ ಎಚ್ಚರವಾಗದಿದ್ದರೆ ನೋಡಿದ್ದು ಅಲ್ಲಲ್ಲೇ ಅಳಿಸಿಹೋಗುತ್ತದೆ.

ಆರೂವರೆಗೆ ಏಳುತ್ತಿದ್ದವನು ನಾಲ್ಕೂವರೆಗೆ ಅಲಾರಂ ಇಟ್ಟರೆ ಏನಾಗುತ್ತದೆ? ನಾಟಕ ರಂಗೇರಿದ್ದಾಗಲೇ ಪರದೆ ಎಳೆದು ದೀಪ ಹಾಕಿದಂತಾಗುತ್ತದೆ. ಎತ್ತು ಬಾಯಿ ತೆರೆದಿರುತ್ತದೆ, ಸಿಪ್ಪೆ ಕೈಯಲ್ಲಿರುತ್ತದೆ. ಅದರ ಜೊತೆಗೆ ಮೂರು ಲೀಟರ್ ನೀರಿನ ಪುಣ್ಯದಿಂದ ಎರಡಕ್ಕೊಮ್ಮೆ, ಮೂರೂವರೆಗೊಮ್ಮೆ ಬಚ್ಚಲಿಗೆ ಓಡಾಟ. ಸ್ಟೇಷನ್ ಹತ್ತಿರದ ಮನೆಯಾದರೆ ಗಾಡಿಯ ಕೂಗು ಬೇರೆ. ಎದ್ದಾಗೆಲ್ಲ ಒಂದೊಂದು ತುಂಡು ಕನಸು ಕೈಗೆ ಹತ್ತುತ್ತದೆ. ವಾರವೆಲ್ಲ ಎರಡು ಗಂಟೆ ಕಡಿಮೆ ಮಲಗಿ ಭಾನುವಾರ ಎಂಟರವರೆಗೆ ಹೊದ್ದುಕೊಂಡರೆ ಬಾಕಿ ಉಳಿದ ಕನಸಿನ ನಿದ್ದೆ ಬಡ್ಡಿ ಸಮೇತ ವಸೂಲಿಗೆ ಬರುತ್ತದೆ. ಕಸಿದ ಕನಸಿನ ನಿದ್ದೆಯನ್ನು ಮಿದುಳು ಹೀಗೆ ತುಂಬಿಕೊಳ್ಳುತ್ತದೆಂದು ವಿಲಿಯಂ ಡಿಮೆಂಟ್ 1960ರಲ್ಲೇ ತೋರಿಸಿದ್ದ.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆಯ ಬೇರು ಕೂಡ ಇಲ್ಲೇ ಇರಬೇಕೆಂದು ನನ್ನ ಗುಮಾನಿ. ಆ ಹೊತ್ತಿನ ಕನಸು ಉದ್ದ, ಬಣ್ಣ ಹೆಚ್ಚು, ಎದ್ದ ಮೇಲೂ ನೆನಪಿರುತ್ತದೆ. ನೆನಪಿದ್ದದ್ದೇ ತಾನೇ ಮುಂದೊಂದು ದಿನ ನಿಜವಾಯಿತು ಅಂತ ಅನಿಸುವುದು?

ಹಾಗಾದರೆ ಊಟಕ್ಕೆ ಪಾತ್ರವೇ ಇಲ್ಲವೇ? ಇದೆ, ಪೋಷಕ ಪಾತ್ರದಷ್ಟು. ಹಸಿದು ಮಲಗಿದವರು ಊಟದ ಕನಸು ಕಾಣುವುದು ಸುಳ್ಳಲ್ಲ. ದಕ್ಷಿಣ ಧ್ರುವದತ್ತ ಅರೆಹೊಟ್ಟೆಯಲ್ಲಿ ನಡೆದ ಶ್ಯಾಕಲ್ಟನ್ನನ ತಂಡದವರು ಹಗಲು ಹೊತ್ತು ಔತಣದ ಮಾತಾಡುತ್ತ, ರಾತ್ರಿ ಔತಣವನ್ನೇ ಕನಸುತ್ತಿದ್ದರು. ನಮ್ಮ ಅಕ್ಕನಿಗೆ ಎಲೆ ಹಾಕದ ಪಂಕ್ತಿಗೂ ಅದಕ್ಕೂ ನೆಂಟಸ್ತಿಕೆ ಇದೆ. ಇಲ್ಲಿ ತಪ್ಪು ನವಣೆಯದಲ್ಲ. ನವಣೆ, ಸಾಮೆ ನಮ್ಮ ಹಿರಿಯರಿಗೆ ದಿನದ ಊಟವೇ ಆಗಿತ್ತು, ಯಾರೂ ಕನಸಿಗೆ ಹೆದರಿ ಬಿಟ್ಟವರಲ್ಲ. ಅಕ್ಕ ಮಾಡಿದ್ದು ಎರಡು ಹೊತ್ತಿನ ಊಟವನ್ನು ಒಂದಕ್ಕಿಳಿಸಿ, ದಿನವಿಡೀ ಅನ್ನವನ್ನೇ ನೆನೆದದ್ದು.

ಊಟ, ನಡಿಗೆ, ನಿದ್ದೆ ಮೂರೂ ಒಟ್ಟಿಗೆ ತಿರುಗಿದಾಗ ಏನಾಗುತ್ತದೆಂದು ನೋಡಬೇಕಾದರೆ ಶಿವರಾತ್ರಿಗೆ ಚಾರ್ಮಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ನಡೆಯುವವರನ್ನು ಕೇಳಬೇಕು. ಹಗಲೆಲ್ಲ ನಡೆದು ರಾತ್ರಿ ಶಾಲೆ ಜಗುಲಿಯಲ್ಲಿ ಮಲಗಿದರೆ ಕನಸಿನಲ್ಲೂ ಕಾಲು ನಡೆಯುತ್ತಲೇ ಇರುತ್ತದೆ. ಹಾಗೆ ಹೋಗಿ ಬಂದ ನಾನೇ ಮೂರು ರಾತ್ರಿ ಕನಸಿನಲ್ಲಿ ಘಾಟಿ ಇಳಿದಿದ್ದೇನೆ.

ವ್ಯಾಯಾಮದ ಬಗ್ಗೆ ಹೆದರಿಕೆ ಬೇಡ. ಅದು ಗಾಢ ನಿದ್ದೆಯನ್ನು ತುಸು ಹೆಚ್ಚಿಸುತ್ತದೆ, ಒಟ್ಟಿನಲ್ಲಿ ನಿದ್ದೆಗೆ ಒಳ್ಳೆಯದೇ. ಸಂಜೆ ಮಾಡಿದರೂ ತೊಂದರೆಯಿಲ್ಲ, ಮಲಗಲು ಒಂದು ಗಂಟೆಯೂ ಇಲ್ಲದಾಗ ಮೈಮುರಿಯುವಂತೆ ಮಾಡಿದರೆ ಮಾತ್ರ ನಿದ್ದೆ ಹತ್ತುವುದು ತಡ ಎಂದು ಜ್ಯೂರಿಕ್‌ನವರು 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿದ್ದಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ವಿಪಶ್ಯನ ಧ್ಯಾನ ಮಾಡುವವರ ನಿದ್ದೆಯನ್ನು ಅಳೆದಾಗ, ಅದೇ ವಯಸ್ಸಿನ ಬೇರೆಯವರಿಗಿಂತ ಅವರಲ್ಲಿ ಗಾಢ ನಿದ್ದೆಯೂ ಕನಸಿನ ನಿದ್ದೆಯೂ ಹೆಚ್ಚಿದ್ದವು. ಡಯಟ್ ಜೊತೆಗೆ ವಿಟಮಿನ್ ಗುಳಿಗೆ ನುಂಗುವವರಿಗೂ ಒಂದು ಸುದ್ದಿ ಇದೆ. ಆಸ್ಟ್ರೇಲಿಯಾದಲ್ಲಿ ಡೆನ್‌ಹೋಮ್ ಆಸ್ಪಿ 100 ಜನರ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗುವ ಮುನ್ನ 240 ಮಿಲಿಗ್ರಾಂ ಬಿ6 ತೆಗೆದುಕೊಂಡವರಿಗೆ ಕನಸು ಹೆಚ್ಚು ನೆನಪಿದ್ದವು. ಆದರೆ ಕನಸು ಹೆಚ್ಚು ವಿಚಿತ್ರವೂ ಆಗಲಿಲ್ಲ, ಬಣ್ಣವೂ ಏರಲಿಲ್ಲ. ಆ ಪ್ರಮಾಣ ದಿನದ ಅಗತ್ಯದ ಸುಮಾರು ನೂರು ಪಟ್ಟು ಅಥವಾ ಅದಕ್ಕೂ ಹೆಚ್ಚು. ಬಹುಕಾಲ ನುಂಗಿದರೆ ನರಕ್ಕೆ ಪೆಟ್ಟು. ಅನುಕರಿಸಬೇಡಿ.

ಇಷ್ಟಾದರೆ ಕಟ್ಟೆಯ ಹರಟೆಗೇ ಮುಗಿಯುತ್ತಿತ್ತು. ಮೇಷ್ಟ್ರ ಕಥೆ ಹಾಗಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಬೆಳಗ್ಗೆ ರಾತ್ರಿ ಗುಳಿಗೆ. ನಮ್ಮ ಜೊತೆ ಸೇರಿದ ಮೇಲೆ ಉಮೇದು ಬಂದು ರಾತ್ರಿಯ ಮುದ್ದೆಯನ್ನು ಅರ್ಧ ಮಾಡಿದರು, ಸಂಜೆಯೂ ಒಂದು ಸುತ್ತು ನಡೆದರು. ಗುಳಿಗೆ ಹಿಂದಿದ್ದಷ್ಟೇ. ಪರೀಕ್ಷಾ ಕೊಠಡಿಯ ಕನಸು ದಿನಾ ಬರತೊಡಗಿತು, ಏಳುವಾಗ ಬನಿಯನ್ ಹಿಂಡುವಷ್ಟು ಬೆವರು, ಬೆಳಗ್ಗೆ ತಲೆನೋವು. ಮನೆಯವರು, "ಕತ್ತಲಲ್ಲಿ ಎದ್ದು ಓಡಾಡ್ತೀರಲ್ಲ, ಏನೋ ಸೋಕಿದೆ" ಎಂದು ತಾಯತ ಕಟ್ಟಿಸಿದರು. ಬೆಂಗಳೂರಿನಿಂದ ಬಂದ ಮಗ ಒಂದು ರಾತ್ರಿ ಮೂರು ಗಂಟೆಗೆ ಬೆರಳು ಚುಚ್ಚಿ ನೋಡಿದ. 58.

ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಸಕ್ಕರೆ ಕುಸಿತ. ನಡಿಗೆ ಸಕ್ಕರೆ ಇಳಿಸುವುದು ನಡೆಯುವಾಗ ಮಾತ್ರವಲ್ಲ. ಖಾಲಿಯಾದ ಸ್ನಾಯುಗಳು ರಾತ್ರಿಯೆಲ್ಲ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಊಟ ತಗ್ಗಿಸಿ, ನಡಿಗೆ ಹೆಚ್ಚಿಸಿ, ಮದ್ದನ್ನು ಹಾಗೇ ಬಿಟ್ಟರೆ ನಡುರಾತ್ರಿ ಸಕ್ಕರೆ ಜಾರುತ್ತದೆ. ದೇಹ ಅಡ್ರಿನಲಿನ್ ಸುರಿದು ಎಬ್ಬಿಸಲು ನೋಡುತ್ತದೆ. ಬೆವರು, ಎದೆ ಡವಡವ, ಜೊತೆಗೆ ದುಃಸ್ವಪ್ನ. ಬರೀ ಮೆಟ್‌ಫಾರ್ಮಿನ್ ಮೇಲಿರುವವರಿಗೆ ಈ ಅಪಾಯ ಕಡಿಮೆ. ಸಕ್ಕರೆ ಹೀಗೆ ಕುಸಿದಾಗ ಮೊದಲ ಕೆಲಸ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯುವುದು, ಕಾಲು ಗಂಟೆ ಬಿಟ್ಟು ಮತ್ತೆ ನೋಡುವುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯುವುದು. ಬೆಳಗಾದ ಮೇಲೆ ಡಾಕ್ಟರ ಹತ್ತಿರ ಮದ್ದಿನ ಪ್ರಮಾಣ ಕೇಳಬೇಕು. ತಾವೇ ಬಿಟ್ಟುಬಿಡುವುದೂ ತಪ್ಪು. ಮೇಷ್ಟ್ರ ರಾತ್ರಿಯ ಗುಳಿಗೆ ಇಳಿಯಿತು, ಪರೀಕ್ಷೆಯ ಕನಸೂ ನಿಂತಿತು. ತಾಯತ ಇನ್ನೂ ತೋಳಲ್ಲೇ ಇದೆ. ಮನೆಯಲ್ಲಿ ಅದಕ್ಕೇ ಗುಣವಾಯಿತು ಎಂಬ ಲೆಕ್ಕ.

ಒಳ್ಳೆಯ ಬುದ್ಧಿ ಬಂದು ಡಯಟ್ ಜೊತೆಗೆ ಕುಡಿತವನ್ನೂ ಬಿಟ್ಟವರಿಗೆ ಕೆಲವು ವಾರ ಕನಸಿನ ಸಂತೆಯೇ ನೆರೆಯುತ್ತದೆ. ಹೆಂಡ ಅದುಮಿಟ್ಟಿದ್ದ ಕನಸಿನ ನಿದ್ದೆ ತಿರುಗಿ ಬರುವ ರೀತಿ ಅದು. ಬಿ.ಪಿ.ಗೆ ಕೊಡುವ ಪ್ರೊಪ್ರನಲಾಲ್‌ನಂಥ ಕೆಲವು ಗುಳಿಗೆಗಳೂ ದುಃಸ್ವಪ್ನ ತರಬಲ್ಲವು. ವಯಸ್ಸಾದವರು ಕನಸಿನಲ್ಲಿ ಹೊಡೆದಾಡುತ್ತ ನಿಜವಾಗಿಯೂ ಪಕ್ಕದವರನ್ನು ಒದೆಯುತ್ತಿದ್ದರೆ ಅದು ಬೇರೆಯೇ ವಿಷಯ, ನರರೋಗ ತಜ್ಞರಿಗೆ ತೋರಿಸಬೇಕು.

ನಾನೀಗ ವಾಕಿಂಗನ್ನು ಸಂಜೆ ಐದೂವರೆಗೆ ಹಾಕಿಕೊಂಡಿದ್ದೇನೆ. ಏಳರ ಮೇಲೆ ನೀರು ಕಡಿಮೆ. ರೊಟ್ಟಿ ಒಂದರಿಂದ ಎರಡಾಗಿದೆ. ಆರೂವರೆಗೆ ತಾನಾಗಿ ಎಚ್ಚರವಾಗುತ್ತದೆ, ತಲೆಯಲ್ಲಿ ಏನೂ ಇರುವುದಿಲ್ಲ. ಕಾಫಿ ತಂದಿಟ್ಟು ಮನೆಯವಳು ದಿನಾ ಕೇಳುತ್ತಾಳೆ, "ಇವತ್ತೇನಂದ್ರು ನಿಮ್ಮ ಎತ್ತಿನವರು?" ಹೇಳಲು ಏನೂ ಇಲ್ಲದೆ ಒಂದೆರಡು ಸಲ ನಾನೇ ಹೊಸೆದು ಹೇಳಿದ್ದೇನೆ. ಮೊನ್ನೆ ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟಿಸಿಕೊಂಡು ಹೋಯಿತು ಅಂದೆ. ಅವಳು ನಂಬಲಿಲ್ಲ, ನಿಮ್ಮ ಕನಸಿನಲ್ಲಿ ಯಾವತ್ತೂ ಇಷ್ಟು ಸರಿಯಾದ ಕೆಲಸ ಆಗಿಲ್ಲ ಅಂದಳು.