ಹಿಂದೆ ಬಂದವನ ಪಾಲಿನ ಗಾಳಿ, ನೀರು

2009ರ ಆಗಸ್ಟ್ 30ರಂದು ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ರೇಸಿಗೆ ಎಲ್ಲರಿಗಿಂತ ಮುಂದೆ ನಿಂತಿದ್ದು ಫೋರ್ಸ್ ಇಂಡಿಯಾ ಕಾರು. ಬೆಂಗಳೂರಿನ ವಿಜಯ್ ಮಲ್ಯ ಸಹಮಾಲೀಕರಾಗಿದ್ದ ಆ ತಂಡಕ್ಕೆ ಅಲ್ಲಿಯವರೆಗೆ ಒಂದೇ ಒಂದು ಪಾಯಿಂಟೂ ದಕ್ಕಿರಲಿಲ್ಲ. ಐದನೇ ಸುತ್ತಿನಲ್ಲಿ, ಕೆಮೆಲ್ ಎಂಬ ಉದ್ದನೆಯ ನೇರದಾರಿಯಲ್ಲಿ, ಫೆರಾರಿಯ ಕಿಮಿ ರಾಯ್ಕೊನೆನ್ ಗುಂಡಿ ಒತ್ತಿ ಮುಂದೆ ಹೋದರು. ಫೋರ್ಸ್ ಇಂಡಿಯಾದ ಫಿಸಿಕೆಲ್ಲಾ ಕೊನೆಯವರೆಗೂ ಬೆನ್ನು ಬಿಡಲಿಲ್ಲ, 0.939 ಸೆಕೆಂಡಿನಲ್ಲಿ ಗೆಲುವು ತಪ್ಪಿತು.

ಆ ಗುಂಡಿಯ ಹಿಂದಿದ್ದ ಯಂತ್ರ ಕರ್ಸ್. ಬ್ರೇಕ್ ಹಾಕಿದಾಗ ಬರೀ ಶಾಖವಾಗಿ ಹೋಗುವ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ತುಂಬಿಸಿಕೊಂಡು, ಬೇಕಾದಾಗ ಚಕ್ರಕ್ಕೆ ಮರಳಿಸುತ್ತದೆ. ಆಗ ಸಿಗುತ್ತಿದ್ದುದು ಸುಮಾರು 80 ಅಶ್ವಶಕ್ತಿ, ಸುತ್ತಿಗೆ ಆರೂವರೆ ಸೆಕೆಂಡಿನಷ್ಟು ಹೊತ್ತು. ಫಿಸಿಕೆಲ್ಲಾ ಕಾರಿನಲ್ಲಿ ಅದು ಇರಲಿಲ್ಲ.

ಇರಕಲ್ಲಗಡದ ಚಹಾದಂಗಡಿಯಲ್ಲಿ ಮೊಬೈಲ್ ಹಿಡಿದು ರೇಸ್ ನೋಡುವ ಹುಡುಗರ ಜಗಳ ಇಂಥ ಗುಂಡಿಗಳದ್ದೇ. "ಬಟನ್ ಒತ್ತಿ ಮುಂದ ಹೋಗೂದು ಅದೆಂಥ ರೇಸಲೇ?" ಅಂತ ಒಬ್ಬ. "ಮಳಿ ಬಂದ್ರ ನಿಂತಬಿಡ್ತಾರ. ಇವ್ರಗಿಂತ ನಮ್ಮ ಟಂಟಂನವ್ರ ಪಾಡ್ ಬಿಡು" ಅಂತ ಇನ್ನೊಬ್ಬ. ಎರಡೂ ಬೇರೆ ಬೇರೆ ತಕರಾರು ಅನ್ನಿಸುತ್ತವೆ. ನನ್ನ ಲೆಕ್ಕದಲ್ಲಿ ಎರಡಕ್ಕೂ ಬೇರು ಒಂದೇ: ಮುಂದಿನ ಕಾರು ತನ್ನ ಬೆನ್ನ ಹಿಂದೆ ಏನನ್ನು ಎತ್ತಿ ಎಸೆಯುತ್ತದೆ ಅನ್ನುವುದು.

ವಿಮಾನದ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲೇಳುತ್ತದೆ. ರೇಸ್ ಕಾರಿನದು ಬೋರಲು ಹಾಕಿದ ರೆಕ್ಕೆ. ಗಾಳಿಯನ್ನು ಮೇಲಕ್ಕೆ ಎಸೆದು ಕಾರನ್ನು ನೆಲಕ್ಕೆ ಒತ್ತುತ್ತದೆ. ತಿರುವಿನಲ್ಲಿ ಟೈರಿಗೆ ಹೆಚ್ಚಿನ ಹಿಡಿತ ಸಿಗುವುದು ಈ ಒತ್ತಡದಿಂದಲೇ. ಅದರ ಕಷ್ಟ ಹಿಂದಿನವನಿಗೆ. ಯಲಬುರ್ಗಾ, ಕುಷ್ಟಗಿ ಕಡೆಯ ಹೊಲಗಳಲ್ಲಿ ಗಾಳಿ ಫ್ಯಾನುಗಳನ್ನು ಅಷ್ಟಷ್ಟು ದೂರ ಬಿಟ್ಟು ನಿಲ್ಲಿಸಿರುವುದಕ್ಕೆ ಒಂದು ಕಾರಣವಿದೆ: ಮುಂದಿನದು ಕಸುವು ಹೀರಿ ಕದಡಿದ ಗಾಳಿ ಹಿಂದಿನದಕ್ಕೆ ಬಡಿದರೆ ಕರೆಂಟು ಇಳಿಯುತ್ತದೆ. ರೇಸಿನಲ್ಲಿ ದೂರ ನಿಲ್ಲುವಂತಿಲ್ಲವಲ್ಲ. 2021ರವರೆಗಿನ ಫಾರ್ಮುಲಾ ಒನ್ ಕಾರು ಮುಂದಿನದರಿಂದ 10 ಮೀಟರ್ ಹತ್ತಿರ ಬಂದರೆ ಅದರ ಒತ್ತಡದಲ್ಲಿ ಶೇ 46ರಷ್ಟು ಮಾಯವಾಗುತ್ತಿತ್ತು. 2022ರಲ್ಲಿ ಕಾರಿನ ವಿನ್ಯಾಸವನ್ನೇ ಬದಲಿಸಿದಾಗ ಆ ನಷ್ಟವನ್ನು ಶೇ 18ಕ್ಕೆ ಇಳಿಸಿದ್ದೇವೆ ಎಂದು ಫಾರ್ಮುಲಾ ಒನ್ ನಡೆಸುವವರು ಹೇಳಿದರು.

ಈ ನಷ್ಟಕ್ಕೆ ಕೊಟ್ಟ ಪರಿಹಾರವೇ 2011ರಲ್ಲಿ ಬಂದ ಡಿಆರ್‌ಎಸ್. ಮುಂದಿನವನಿಗಿಂತ ಒಂದು ಸೆಕೆಂಡಿನೊಳಗೆ ಇದ್ದರೆ, ಗೊತ್ತುಮಾಡಿದ ನೇರದಾರಿಯಲ್ಲಿ ಹಿಂದಿನ ರೆಕ್ಕೆಯ ಮೇಲುಪಟ್ಟಿಯನ್ನು ತೆರೆಯಬಹುದಿತ್ತು. ಕೊನೆಯ ವರ್ಷಗಳಲ್ಲಿ ಆ ಸಂದಿ ಹೆಚ್ಚೆಂದರೆ 85 ಮಿಲಿಮೀಟರ್, ನಾಲ್ಕು ಬೆರಳಿನಷ್ಟು. ಅಷ್ಟರಲ್ಲೇ ಗಾಳಿಯ ತಡೆ ತಗ್ಗಿ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗ ಕೂಡುತ್ತಿತ್ತು. ತಿರುವಿನಲ್ಲಿ ಕಸಿದುಕೊಂಡದ್ದನ್ನು ನೇರದಾರಿಯಲ್ಲಿ ಕೊಟ್ಟಂತೆ. ಮೋಸ ಅನ್ನುವಷ್ಟು ದೊಡ್ಡ ಮಾತು ಬೇಕಿಲ್ಲ. ಕೆಲವು ಟ್ರ್ಯಾಕುಗಳಲ್ಲಿ ಕೊಟ್ಟಿದ್ದು ಕಸಿದಿದ್ದಕ್ಕಿಂತ ಜಾಸ್ತಿಯಾಯಿತು, ಅದು ಮಾತ್ರ ನಿಜ. 2026ರಿಂದ ಡಿಆರ್‌ಎಸ್ ಹೋಯಿತು. ನೇರದಾರಿಯಲ್ಲಿ ರೆಕ್ಕೆ ಬದಲಿಸಿಕೊಳ್ಳುವ ಸವಲತ್ತು ಈಗ ಎಲ್ಲರಿಗೂ ಇದೆ. ಹತ್ತಿರ ಬಂದ ಹಿಂದಿನವನಿಗೆ ಹೆಚ್ಚುವರಿಯಾಗಿ ಸಿಗುವುದು ವಿದ್ಯುತ್ತಿನ ಬಲ.

ಮಳೆ ಬಂದರೆ ಡಿಆರ್‌ಎಸ್ ಬಂದ್ ಆಗುತ್ತಿತ್ತು. ರೆಕ್ಕೆ ತೆರೆದರೆ ಹಿಂದಿನ ಟೈರಿನ ಮೇಲಿನ ಭಾರ ತಗ್ಗುತ್ತದೆ, ಒದ್ದೆ ನೆಲದಲ್ಲಿ ಕಾರು ಗಿರಕಿ ಹೊಡೆಯಲು ಅಷ್ಟು ಸಾಕು. ಹಾಗಂತ ಓವರ್‌ಟೇಕ್ ನಿಲ್ಲಲಿಲ್ಲ. 2024ರಲ್ಲಿ ಬ್ರೆಜಿಲ್‌ನ ಮಳೆಯಲ್ಲಿ ಮ್ಯಾಕ್ಸ್ ವರ್ಸ್ಟಾಪೆನ್ 17ನೇ ಜಾಗದಿಂದ ಹೊರಟು ಗೆದ್ದರು. ರೇಸ್ ನಿಲ್ಲಿಸುವ ಕೆಂಪು ಬಾವುಟದ ಅದೃಷ್ಟವೂ ಸೇರಿತ್ತು, ಇರಲಿ. ಡಿಆರ್‌ಎಸ್ ಬರುವ ಮುಂಚೆಯೂ ಅಷ್ಟೇ: 2008ರ ಮೊನಾಕೊ ಮಳೆಯಲ್ಲಿ ಇದೇ ಫೋರ್ಸ್ ಇಂಡಿಯಾದ ಆಡ್ರಿಯನ್ ಸುಟಿಲ್ ತೀರಾ ಹಿಂದಿನಿಂದ ಹೊರಟು ನಾಲ್ಕನೇ ಸ್ಥಾನಕ್ಕೆ ಬಂದಿದ್ದರು. ಮುಗಿಯಲು ಕೆಲವೇ ಸುತ್ತು ಇದ್ದಾಗ ಸುರಂಗ ದಾಟಿ ಬ್ರೇಕ್ ಹಾಕುವಲ್ಲಿ ಹಿಂದಿನ ಕಾರು ಹಿಡಿತ ತಪ್ಪಿ ಬಂದು ಗುದ್ದಿತು. ಅದರಲ್ಲಿ ಇದ್ದವರೂ ರಾಯ್ಕೊನೆನ್ನೇ.

ಹಾಗಾದರೆ ಮಳೆಗೆ ರೇಸ್ ನಿಲ್ಲಿಸುವುದು ಯಾಕೆ? ಜಾರುತ್ತದೆ ಅನ್ನುವುದು ಅರ್ಧ ಉತ್ತರ. ಟೈರಿನ ಅಡಿಯ ನೀರು ಆಚೀಚೆ ಸರಿಯಲು ಸಮಯ ಸಿಗದಿದ್ದರೆ ಅದು ಬೆಣೆಯಂತೆ ಒಳಗೆ ಹೊಕ್ಕು ಟೈರನ್ನೇ ನೆಲದಿಂದ ಎತ್ತಿಬಿಡುತ್ತದೆ. ಆಮೇಲೆ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ಇದಕ್ಕೆ ಆಳವಾದ ಗೀರುಗಳ ಮಳೆ ಟೈರು ಇದೆ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಒಂದೊಂದು ಟೈರೂ ಸೆಕೆಂಡಿಗೆ 85 ಲೀಟರ್ ನೀರು ಹೊರಹಾಕಬಲ್ಲದು. ಆ ನೀರು ಹೋಗುವುದೆಲ್ಲಿಗೆ? ಟೈರು ಎಬ್ಬಿಸಿದ್ದನ್ನು, ಕಾರಿನ ತಳ ಹೀರಿದ್ದನ್ನು, ಅದೇ ರೆಕ್ಕೆ ಎಸೆಯುವ ಗಾಳಿ ಎತ್ತಿಕೊಂಡು ಹೋಗಿ ಬಿಳಿ ಗೋಡೆಯನ್ನೇ ಕಟ್ಟುತ್ತದೆ. ಹಿಂದಿನವನಿಗೆ ಕಾಣುವುದು ಮುಂದಿನ ಕಾರಿನ ಕೆಂಪು ದೀಪದ ಮಸುಕು, ಕೆಲವೊಮ್ಮೆ ಅದೂ ಇಲ್ಲ. ಟಂಟಂನವರಿಗೆ ಈ ಫಜೀತಿ ಇಲ್ಲ. ಅವರ ಗಾಡಿಗೆ ರೆಕ್ಕೆ ಇಲ್ಲ, ಮಡ್‌ಗಾರ್ಡ್ ಇದೆ.

ಮಡ್‌ಗಾರ್ಡ್ ಅಂದದ್ದು ತಮಾಷೆಗಲ್ಲ. 2023ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ, 2024ರಲ್ಲಿ ಫಿಯೊರಾನೊದಲ್ಲಿ ರೇಸ್ ಕಾರಿಗೆ ಅದನ್ನೇ ಕಟ್ಟಿ ಪರೀಕ್ಷೆ ಮಾಡಿದರು. ಚಕ್ರ ಮುಚ್ಚಿದರೂ ತಳದಿಂದ ಏಳುವ ನೀರು ನಿಲ್ಲಲಿಲ್ಲ. ಹೀಗಾಗಿ ಮಳೆ ಟೈರು ನಿಜಕ್ಕೂ ಬೇಕಾಗುವಷ್ಟು ನೀರು ನಿಂತಾಗ ಕಣ್ಣು ಕಾಣದೆ ಕೆಂಪು ಬಾವುಟ ಬೀಳುತ್ತದೆ. ಕಣ್ಣು ಕಾಣುವಷ್ಟು ನೀರು ಇಳಿದಾಗ ಎಲ್ಲರೂ ಸಣ್ಣ ಗೀರಿನ ಇಂಟರ್‌ಮೀಡಿಯೆಟ್ ಟೈರಿಗೆ ಬದಲಾಗಿರುತ್ತಾರೆ. ಆ ದುಬಾರಿ ಮಳೆ ಟೈರು ಹೆಚ್ಚಾಗಿ ಓಡುವುದು ಎಲ್ಲರ ವೇಗ ತಗ್ಗಿಸಲು ಮುಂದೆ ಸಾಗುವ ಸೇಫ್ಟಿ ಕಾರಿನ ಹಿಂದೆ.

2021ರ ಸ್ಪಾದಲ್ಲಿ ಇಡೀ ರೇಸೇ ಹಾಗೆ ಮುಗಿಯಿತು: ಗಂಟೆಗಟ್ಟಲೆ ಕಾದು, ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಹೊಡೆದು, ಒಂದು ಓವರ್‌ಟೇಕೂ ಇಲ್ಲದೆ ಅರ್ಧದಷ್ಟು ಪಾಯಿಂಟು ಹಂಚಿದರು. ನಿಲ್ಲಿಸಿದ್ದನ್ನು ನಾನು ಒಪ್ಪುತ್ತೇನೆ, ಹಂಚಿದ್ದನ್ನಲ್ಲ. ಮರುವರ್ಷ ನಿಯಮ ಬದಲಾಯಿತು. ಸೇಫ್ಟಿ ಕಾರಿಲ್ಲದೆ ಕನಿಷ್ಠ ಎರಡು ಸುತ್ತು ಓಡದಿದ್ದರೆ ಯಾರಿಗೂ ಪಾಯಿಂಟಿಲ್ಲ. ಮಳೆಯಲ್ಲಿ ನೆನೆದು ನಿಂತವರ ಟಿಕೆಟ್ ದುಡ್ಡಿನ ಮಾತು ಆ ನಿಯಮದಲ್ಲಿ ಇಲ್ಲ.