ಎತ್ತರದ ಕಟ್ಟಡ, ಬೆಂಕಿ ಮತ್ತು ಒಂದು ಕವಾಟ

ಬೆಂಗಳೂರಿನ ಶ್ರೀನಗರದ ಬೀದಿಗಳಲ್ಲಿ ನಡೆದು ಹೋಗುವಾಗ, ಒಂದಕ್ಕೊಂದು ಅಂಟಿಕೊಂಡಂತೆ ನಿಂತಿರುವ ಮೂರು ನಾಲ್ಕು ಅಂತಸ್ತಿನ ಮನೆಗಳನ್ನು ಕಾಣುತ್ತೇವೆ. ಅವುಗಳ ತಾರಸಿಯ ಮೇಲೆ ನೀರಿನ ತೊಟ್ಟಿಗಳು. ಇಂಥ ಮನೆಗಳಲ್ಲಿ ವಾಸಿಸುವವರಿಗೆ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಕೆಳಗಿನ ಮನೆಯ ನಲ್ಲಿಯನ್ನು ತಿರುಗಿಸಿದರೆ ನೀರು ಭೋರೆಂದು ಬರುತ್ತದೆ. ತೊಟ್ಟಿಗೆ ಸಮೀಪದಲ್ಲಿರುವ ಮೇಲಿನ ಮನೆಯ ನಲ್ಲಿಯಲ್ಲಿ ಸಣ್ಣಗೆ ಸುರಿಯುತ್ತದೆ. ತೊಟ್ಟಿ ಒಂದೇ, ನೀರೂ ಒಂದೇ, ಭೇದವಿರುವುದು ಎತ್ತರದಲ್ಲಿ. ಈ ಸಣ್ಣ ಭೇದವೇ ಬೆಂಕಿ ಬಿದ್ದ ಹೊತ್ತಿನಲ್ಲಿ ಪ್ರಾಣದ ಪ್ರಶ್ನೆಯಾಗಬಲ್ಲುದು. ಅದು ಹೇಗೆಂಬುದನ್ನು ವಿಚಾರ ಮಾಡೋಣ.

2010ನೆಯ ಇಸವಿ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಬೆಂಕಿ ಹೊತ್ತಿಕೊಂಡಿತು. ದಟ್ಟವಾದ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಹೊಗೆಯಿಂದ ಪಾರಾಗಲೆಂದು ಕಿಟಕಿಗಳಿಂದ ಕೆಳಕ್ಕೆ ಹಾರಿದವರೂ ಇದ್ದರು. ಎತ್ತರದ ಕಟ್ಟಡದಲ್ಲಿ ಮೊದಲ ಕೆಲವು ನಿಮಿಷಗಳು ಎಷ್ಟು ಅಮೂಲ್ಯವೆಂಬುದನ್ನು ನಗರವು ಅಂದು ಕಂಡುಕೊಂಡಿತು.

ಬೀದಿಯಲ್ಲಿ ನಿಂತ ವಾಹನದಿಂದ ಮೇಲಕ್ಕೆ ನೀರೆರಚಿ ಇಂಥ ಬೆಂಕಿಯನ್ನು ಆರಿಸುವುದು ಸುಲಭಸಾಧ್ಯವಲ್ಲ. ಏಣಿ ಎಷ್ಟೇ ಉದ್ದವಾಗಿದ್ದರೂ ಅದನ್ನು ನಿಲ್ಲಿಸಲು ಸ್ಥಳ ಬೇಕಷ್ಟೆ. ಆದುದರಿಂದ ನೀರು ಕಟ್ಟಡದ ಒಳಗಿನಿಂದಲೇ ದೊರೆಯಬೇಕು. 15 ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡವನ್ನು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯು ಎತ್ತರದ ಕಟ್ಟಡವೆಂದು ಎಣಿಸುತ್ತದೆ. ಅಂಥ ಕಟ್ಟಡಗಳ ಮೆಟ್ಟಿಲುಗಳ ಬಳಿ ಕೆಂಪು ಬಣ್ಣದ ದಪ್ಪ ಕೊಳವೆಯೊಂದು ಕೆಳಗಿನಿಂದ ಮೇಲಿನವರೆಗೆ ಏರಿರುವುದನ್ನೂ, ಪ್ರತಿ ಅಂತಸ್ತಿನಲ್ಲಿ ಅದಕ್ಕೆ ಚಕ್ರವುಳ್ಳ ಕವಾಟವೊಂದನ್ನು ಜೋಡಿಸಿರುವುದನ್ನೂ ಓದುಗರು ಕಂಡಿರಬಹುದು. ಇದೇ ಲ್ಯಾಂಡಿಂಗ್ ವಾಲ್ವ್. ಅಗ್ನಿಶಾಮಕ ದಳದವರು ಹೋಸ್ ಪೈಪನ್ನು ಇದಕ್ಕೆ ಸಿಕ್ಕಿಸಿ ಚಕ್ರವನ್ನು ತಿರುಗಿಸುತ್ತಾರೆ.

ಎಲ್ಲ ಅಂತಸ್ತುಗಳಿಗೂ ಒಂದೇ ಬಗೆಯ ಕವಾಟವನ್ನು ಕೊಂಡು ತಂದು ಹಾಕಿದರೆ ಸಾಲದೆ? ಸಾಲದು. ನೀರಿನ ಕಂಬವು 10 ಮೀಟರು ಎತ್ತರವಿದ್ದರೆ, ಅದರ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಹೆಚ್ಚುತ್ತದೆ. 60 ಮೀಟರು ಎತ್ತರದ ಕಟ್ಟಡವೊಂದನ್ನು ಊಹಿಸಿಕೊಳ್ಳೋಣ. ಅದರ ತುತ್ತತುದಿಯ ಕವಾಟದಲ್ಲಿ 3.5 ಕಿಲೋಗ್ರಾಂ ಒತ್ತಡ ಇರಬೇಕು ಎನ್ನೋಣ. ಆಗ ಬುಡದಲ್ಲಿರುವ ಪಂಪು ಈ 3.5ರ ಜೊತೆಗೆ ಎತ್ತರದ 6ನ್ನೂ ಒದಗಿಸಬೇಕು. ಎಂದರೆ ಕೆಳಗಿನ ಅಂತಸ್ತಿನ ಕವಾಟದ ಹಿಂದೆ 9.5 ಕಿಲೋಗ್ರಾಂ ಒತ್ತಡ ಕಾದು ನಿಂತಿರುತ್ತದೆ!

ಒತ್ತಡ ಹೆಚ್ಚಾದಷ್ಟೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಮುಂದಕ್ಕೆ ಚಿಮ್ಮುವ ನೀರು ತನ್ನನ್ನು ಹಿಡಿದವನನ್ನು ಹಿಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. 20 ಮಿಲಿಮೀಟರು ವ್ಯಾಸದ ನಾಜಲ್ಲಿನಲ್ಲಿ ಒತ್ತಡವು 3.5 ಇದ್ದಾಗ ಈ ತಳ್ಳಿಕೆ ಸುಮಾರು 22 ಕಿಲೋಗ್ರಾಂ ತೂಕಕ್ಕೆ ಸಮ. ಒತ್ತಡ 9.5 ಆದರೆ ಅದು ಸುಮಾರು 60ಕ್ಕೆ ಏರುತ್ತದೆ. ಹೊಗೆಯಲ್ಲಿ, ಒದ್ದೆಯಾದ ನೆಲದ ಮೇಲೆ ನಿಂತವನು ಅದನ್ನು ತಡೆದುಕೊಳ್ಳಬಲ್ಲನೆ? ಕೈ ತಪ್ಪಿದ ನಾಜಲ್ಲು ಹತ್ತಿರದಲ್ಲಿದ್ದವರನ್ನು ಬಡಿದು ಗಾಯಗೊಳಿಸೀತು.

ಆದ್ದರಿಂದ ಕೆಳಗಿನ ಅಂತಸ್ತುಗಳಲ್ಲಿ ಒತ್ತಡವನ್ನು ತಗ್ಗಿಸಬೇಕು. ಇದಕ್ಕೆ ಎರಡು ಉಪಾಯಗಳಿವೆ. ಕವಾಟದ ಬಾಯಲ್ಲಿ ನಡುವೆ ತೂತುಳ್ಳ ಲೋಹದ ಬಿಲ್ಲೆಯೊಂದನ್ನು ಇಡುವುದು ಅಗ್ಗದ ಉಪಾಯ. ಆದರೆ ಬಿಲ್ಲೆಯು ನೀರು ಹರಿಯುತ್ತಿರುವಾಗ ಮಾತ್ರ ಒತ್ತಡವನ್ನು ತಗ್ಗಿಸುತ್ತದೆ. ನಾಜಲ್ಲನ್ನು ಮುಚ್ಚಿ ಹರಿವು ನಿಂತೊಡನೆ ಪೂರ್ಣ ಒತ್ತಡವು ಹೋಸ್ ಪೈಪಿನ ಮೇಲೆ ಬೀಳುತ್ತದೆ. ಎರಡನೆಯದು ಒತ್ತಡವನ್ನು ತಾನೇ ತಗ್ಗಿಸುವ ಕವಾಟ. ಇದರೊಳಗಿನ ಸ್ಪ್ರಿಂಗು ನೀರು ಹರಿಯುವಾಗಲೂ ನಿಂತಾಗಲೂ ಹೊರಬರುವ ಒತ್ತಡವನ್ನು ಒಂದು ಮಿತಿಯೊಳಗೆ ಇರಿಸುತ್ತದೆ. ಬೆಲೆ ಹೆಚ್ಚು, ಪ್ರತಿ ಅಂತಸ್ತಿನ ಲೆಕ್ಕಕ್ಕೆ ತಕ್ಕಂತೆ ಇದನ್ನು ಹೊಂದಿಸಲೂಬೇಕು.

ಹೊಂದಿಸುವುದರಲ್ಲಿ ತಪ್ಪಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಫಿಲಡೆಲ್ಫಿಯ ನಗರದ ದುರಂತವೇ ಸಾಕ್ಷಿ. ಕಾಕತಾಳೀಯವೆಂಬಂತೆ ಅದೂ ಫೆಬ್ರವರಿ 23ರಂದೇ, 1991ರಲ್ಲಿ ನಡೆಯಿತು. ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡದ 22ನೆಯ ಅಂತಸ್ತಿನಲ್ಲಿ ಬೆಂಕಿ ಎದ್ದಿತು. ಕಟ್ಟಡದಲ್ಲಿ ಕೊಳವೆಯೂ ಇತ್ತು, ಒತ್ತಡ ತಗ್ಗಿಸುವ ಕವಾಟಗಳೂ ಇದ್ದುವು. ಆದರೆ ಆ ಕವಾಟಗಳನ್ನು ತೀರ ಕಡಮೆ ಒತ್ತಡಕ್ಕೆ ಹೊಂದಿಸಲಾಗಿತ್ತು. ಹೋಸ್ ಪೈಪಿನಿಂದ ಸತ್ವವಿಲ್ಲದ ಧಾರೆ ಬಂದಿತು. ವಿದ್ಯುತ್ತೂ ಕೈಕೊಟ್ಟಿತು. ಕವಾಟಗಳನ್ನು ಬಲ್ಲ ಕೆಲಸಗಾರನು ಬಂದು ಸರಿಪಡಿಸುವ ವೇಳೆಗೆ ಬೆಂಕಿ ಅಂತಸ್ತಿನಿಂದ ಅಂತಸ್ತಿಗೆ ಏರಿತ್ತು. ಮೂವರು ಅಗ್ನಿಶಾಮಕ ಸಿಬ್ಬಂದಿ ಮಡಿದರು. ಕಡೆಗೆ 30ನೆಯ ಅಂತಸ್ತಿನಲ್ಲಿ ಬೆಂಕಿಯನ್ನು ತಡೆದುದು, ಚಾವಣಿಯಿಂದ ತಾವಾಗಿಯೇ ನೀರು ಚಿಮುಕಿಸುವ ಹತ್ತು ಸ್ಪ್ರಿಂಕ್ಲರುಗಳು.

ಹೀಗೆ, ಕವಾಟದ ಆಯ್ಕೆಯೆಂದರೆ ಅಂಗಡಿಯಲ್ಲಿ ಹೊಳೆಯುವ ವಸ್ತುವೊಂದನ್ನು ಆರಿಸುವುದಲ್ಲ. ಅದು ಭಾರತೀಯ ಮಾನಕ ಬ್ಯೂರೋವಿನ 5290ನೆಯ ಮಾನಕಕ್ಕೆ ಒಪ್ಪುವಂಥದಾಗಿರಬೇಕು. ಅದರ ಬಾಯಿ ದಳದವರ 63 ಮಿಲಿಮೀಟರು ಹೋಸ್ ಪೈಪಿಗೆ ಸರಿಯಾಗಿ ಕೂಡಬೇಕು. ತುಕ್ಕು ಹಿಡಿಯದ ಲೋಹದ್ದಾಗಿರಬೇಕು. ಇಷ್ಟೆಲ್ಲ ಇದ್ದರೂ, ತಾನಿರುವ ಅಂತಸ್ತಿನ ಒತ್ತಡಕ್ಕೆ ತಕ್ಕುದಲ್ಲದ ಕವಾಟ ವ್ಯರ್ಥ. ಅದು ತಕ್ಕುದೋ ಅಲ್ಲವೋ ಎಂಬುದು, ಬಲ್ಲವರು ನೀರು ಹರಿಸಿ ಒತ್ತಡವನ್ನು ಅಳೆದಾಗಲೇ ತಿಳಿಯುತ್ತದೆ.

ಎತ್ತರದ ಕಟ್ಟಡದಲ್ಲಿ ವಾಸಿಸುವ ಅಥವಾ ಓದುವ ವಿದ್ಯಾರ್ಥಿಗಳು ಮೆಟ್ಟಿಲ ಬಳಿಯ ಕೆಂಪು ಕೊಳವೆಯತ್ತ ಒಮ್ಮೆ ನೋಡಲಿ. ಕವಾಟಕ್ಕೆ ಚಕ್ರವಿದೆಯೇ? ಬಾಯಿಗೆ ಮುಚ್ಚಳವಿದೆಯೇ? ಅದರ ಮುಂದೆ ಹಳೆಯ ಸಾಮಾನು ಪೇರಿಸಿಲ್ಲವಷ್ಟೆ? ಕವಾಟವನ್ನು ತಾವಾಗಿ ತಿರುಗಿಸುವುದು ಬೇಡ. ಆದರೆ ಇದನ್ನು ಕಡೆಯ ಬಾರಿ ಪರೀಕ್ಷಿಸಿದುದು ಯಾವಾಗ, ಬಂದ ಒತ್ತಡವೆಷ್ಟು ಎಂದು ಹೊಣೆ ಹೊತ್ತವರನ್ನು ಕೇಳಲು ಸಂಕೋಚ ಬೇಕಾಗಿಲ್ಲ. ಕೆಳಮನೆಯ ನಲ್ಲಿಗೂ ಮೇಲ್ಮನೆಯ ನಲ್ಲಿಗೂ ಇರುವ ಭೇದವನ್ನು ಬಲ್ಲವರು ಕೇಳಬಹುದಾದ ಪ್ರಶ್ನೆಯೇ ಅದು.